ಆಶ್ಚರ್ಯಸೂಚಕ ಚಿಹ್ನೆ ಬಿದ್ದುಹೋದ ವರ್ಷ

ಪ್ರಿಯ ಗೆಳೆಯ,

ಹದಿನೇಳು ಹದಿನೆಂಟು ವರ್ಷಗಳ ಹಿಂದಿನ ಇಮೇಲ್ ಒಂದನ್ನು ಹೆಕ್ಕಿ ತೆಗೆದು, ಮೇಲೆ ಒಂದು ಮಾತೂ ಬರೆಯದೆ, ನನಗೇ ವಾಪಸ್ ಕಳಿಸಿದ್ದೀಯಲ್ಲ, ಇದು ಸ್ನೇಹವೋ ಸೇಡೋ ಎಂದು ಎರಡು ದಿನ ಯೋಚಿಸಿದೆ. "ಪ್ಯಾನಿಕ್ ಅಟ್ ದ ಡಿಸ್ಕೊ ಸತ್ತುಹೋಯಿತು. ಅದರ ಬಟ್ಟೆ ಹಾಕಿಕೊಂಡು ಬೇರೆ ಯಾರೋ ಹಾಡುತ್ತಿದ್ದಾರೆ" ಎಂದು ಶುರುವಾಗುವ ಆ ಪತ್ರವನ್ನು ಬರೆದವನು ನಾನೇ ಎಂದು ಒಪ್ಪಿಕೊಳ್ಳುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಮೊದಲ ಸಾಲೇ ತಪ್ಪು. ಆ ವರ್ಷ, ಅಂದರೆ 2008ರಲ್ಲಿ ತಮ್ಮ ಎರಡನೆಯ ಆಲ್ಬಂ ತಂದಾಗ, ಆ ಅಮೆರಿಕನ್ ರಾಕ್ ತಂಡದವರು ಹಾಡಿನ ಶೈಲಿಯ ಜೊತೆಗೆ ಬಟ್ಟೆಯನ್ನೂ ಬದಲಿಸಿದ್ದರು. ಕಣ್ಣಿನ ಕಪ್ಪು, ಸರ್ಕಸ್ಸಿನ ವೇಷ ಹೋಗಿ ಹೂವಿನ ಅಂಗಿಗಳು ಬಂದಿದ್ದವು.

ಆ ಆಲ್ಬಂನ ಸಿಡಿ ಇನ್ನೂ ನನ್ನಲ್ಲಿದೆ. ನೀನೇ ಕಾಪಿ ಮಾಡಿಕೊಟ್ಟದ್ದು. ಮೇಲೆ ನಿನ್ನ ಕೋಳಿಕಾಲು ಅಕ್ಷರದಲ್ಲಿ ಪ್ರಿಟಿ, ಆಮೇಲೆ ಪೂರ್ಣವಿರಾಮ, ಆಡ್, ಮತ್ತೆ ಪೂರ್ಣವಿರಾಮ. ಎರಡೇ ಪದದ ಹೆಸರಿಗೆ ಎರಡು ಪೂರ್ಣವಿರಾಮ ಯಾಕೆ ಎಂದು ಅಂದು ನಿನ್ನ ಮೇಲೆ ರೇಗಿದ್ದೆ, ನಿನ್ನ ಕೈತಪ್ಪು ಎಂದುಕೊಂಡು. ಆಲ್ಬಂನ ಹೆಸರೇ ಹಾಗೆ ಎಂದು ಗೊತ್ತಾದ ಮೇಲೆ ಇನ್ನೂ ಹೆಚ್ಚು ರೇಗಿದೆ. ತಂಡದ ಹೆಸರಿನಲ್ಲಿ 'ಪ್ಯಾನಿಕ್' ನಂತರ ಇದ್ದ ಆಶ್ಚರ್ಯಸೂಚಕ ಚಿಹ್ನೆಯನ್ನು ಕಿತ್ತು ಹಾಕಿ, ಅದಕ್ಕೆ ಬದಲಾಗಿ ಆಲ್ಬಂಗೆ ಪೂರ್ಣವಿರಾಮ ಇಟ್ಟುಕೊಂಡವರನ್ನು ಹೇಗೆ ನಂಬುವುದು? ನಗಬೇಡ. ಇಪ್ಪತ್ತರ ಆಸುಪಾಸಿನಲ್ಲಿ ಒಂದು ಚಿಹ್ನೆಗಾಗಿ ನಿದ್ದೆಗೆಡುವಷ್ಟು ಸಮಯ ನಮ್ಮಲ್ಲಿತ್ತು.

ಈಗ ನೀನು ಕೇಳದೆ ಕೇಳಿರುವ ಪ್ರಶ್ನೆಗೆ ಬರುತ್ತೇನೆ: ಅಂದಿನ ಮಾತಿಗೆ ಇಂದೂ ನಿಲ್ಲುತ್ತೀಯಾ? ಉತ್ತರ ಕೊಡುವ ಮುನ್ನ ಅವರ ಮೊದಲ ಎರಡೂ ಆಲ್ಬಂಗಳನ್ನು ಒಂದರ ಹಿಂದೊಂದು, ಹೆಡ್‌ಫೋನ್ ಹಾಕಿಕೊಂಡು, ಒಂದು ಹಾಡನ್ನೂ ಬಿಡದೆ ಕೇಳಿದೆ. ಅಂದು ನಾನು ಮಾಡದೇ ಇದ್ದ ಕೆಲಸ ಅದೇ. ಹೌದು, ಇಷ್ಟು ವರ್ಷಗಳ ನಂತರ ತಪ್ಪೊಪ್ಪಿಗೆ: ಆ ಉದ್ದದ ಪತ್ರ ಬರೆದಾಗ ನಾನು ಎರಡನೆಯ ಆಲ್ಬಂನ ಹದಿನೈದು ಹಾಡುಗಳಲ್ಲಿ ನಾಲ್ಕನ್ನು ಮಾತ್ರ ಪೂರ್ತಿ ಕೇಳಿದ್ದೆ.

ಮೊದಲ ಆಲ್ಬಂ ನಮ್ಮನ್ನು ಹೇಗೆ ಹಿಡಿದಿತ್ತು, ನೆನಪಿದೆಯಾ? ಲಾಸ್ ವೇಗಸ್‌ನ ಹುಡುಗರು, ಆಗಷ್ಟೇ ಹೈಸ್ಕೂಲ್ ದಾಟಿದವರು. ಒಂದು ವೇದಿಕೆಯನ್ನೂ ಹತ್ತಿರಲಿಲ್ಲ. ಇಂಟರ್ನೆಟ್‌ನಲ್ಲಿ ಬಿಟ್ಟಿದ್ದ ಹಾಡುಗಳನ್ನು ಕೇಳಿ ಫಾಲ್ ಔಟ್ ಬಾಯ್ ತಂಡದ ಪೀಟ್ ವೆಂಟ್ಜ್ ಈ ಹುಡುಗರನ್ನು ತನ್ನ ರೆಕಾರ್ಡ್ ಕಂಪನಿಗೆ ಎಳೆದುಕೊಂಡ. 2005ರಲ್ಲಿ ಬಂದ 'ಎ ಫೀವರ್ ಯೂ ಕಾಂಟ್ ಸ್ವೆಟ್ ಔಟ್' ಅಮೆರಿಕದ ಬಿಲ್‌ಬೋರ್ಡ್ ಆಲ್ಬಂ ಪಟ್ಟಿಯಲ್ಲಿ 112ನೆಯ ಸ್ಥಾನದಿಂದ ಶುರುವಾಗಿ ನಿಧಾನಕ್ಕೆ 13ಕ್ಕೆ ಏರಿತು. 'ಐ ರೈಟ್ ಸಿನ್ಸ್ ನಾಟ್ ಟ್ರಾಜಡೀಸ್' ಹಾಡುಗಳ ಪಟ್ಟಿಯಲ್ಲಿ ಏಳನೆಯ ಸ್ಥಾನ ಮುಟ್ಟಿತು, ಅದರ ಸರ್ಕಸ್ ಮದುವೆಯ ವಿಡಿಯೊಗೆ 2006ರಲ್ಲಿ ಎಂಟಿವಿಯ ವರ್ಷದ ವಿಡಿಯೊ ಪ್ರಶಸ್ತಿ ಬಂತು. ರಯಾನ್ ರಾಸ್ ಬರೆದ ಸಾಹಿತ್ಯ, ಬ್ರೆಂಡನ್ ಯೂರಿಯ ಗಂಟಲು. ಒಂದು ಉಸಿರಿನಲ್ಲಿ ಹೇಳಿ ಮುಗಿಸಲಾಗದಷ್ಟು ಉದ್ದದ ಹಾಡಿನ ಹೆಸರುಗಳು. ಪ್ರತಿ ಸಾಲಿನಲ್ಲೂ ಯಾರನ್ನೋ ಚುಚ್ಚುವ ವ್ಯಂಗ್ಯ. ಆ ವಯಸ್ಸಿಗೆ ಇನ್ನೇನು ಬೇಕು?

ಆಮೇಲೆ ಎರಡೂವರೆ ವರ್ಷ ಕಾದೆವು. ಆ ನಡುವೆ ಅವರು ಏನು ಮಾಡುತ್ತಿದ್ದರು ಎಂಬುದು ಆಗ ನಮಗೆ ಸರಿಯಾಗಿ ಗೊತ್ತಿರಲಿಲ್ಲ. 2007ರಲ್ಲಿ ನೆವಾಡದ ಮೌಂಟ್ ಚಾರ್ಲ್ಸ್‌ಟನ್ ಬೆಟ್ಟದ ಒಂದು ಕ್ಯಾಬಿನ್‌ನಲ್ಲಿ ಕೂತು ಒಂದು ಆಲ್ಬಂನ ಬಹುಪಾಲು ಹಾಡುಗಳನ್ನು ಹೊಸೆದಿದ್ದರು. ಬೆಟ್ಟ ಇಳಿದ ಮೇಲೆ ಅದನ್ನು ಬದಿಗೆ ಸರಿಸಿ ಮತ್ತೆ ಮೊದಲಿನಿಂದ ಶುರು ಮಾಡಿದರು. ಆಗ ಹುಟ್ಟಿದ್ದು 'ನೈನ್ ಇನ್ ದಿ ಆಫ್ಟರ್‌ನೂನ್', ಅದರ ಬೆನ್ನಿಗೆ ಉಳಿದವು. ನಿರ್ಮಾಪಕ ರಾಬ್ ಮ್ಯಾಥಸ್. ತಂತಿವಾದ್ಯ, ಕಹಳೆಗಳಿಗಾಗಿ ಅವರು ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೊವರೆಗೂ ಹೋದರು. ಬೀಟಲ್ಸ್ ಹಾಡಿದ ಅದೇ ಅಬ್ಬೆ ರೋಡ್. ಬೀಟಲ್ಸ್, ಬೀಚ್ ಬಾಯ್ಸ್, ಕಿಂಕ್ಸ್, ಒಟ್ಟಿನಲ್ಲಿ ತಾವು ಹುಟ್ಟುವುದಕ್ಕೆ ಇಪ್ಪತ್ತು ವರ್ಷ ಮೊದಲಿನ ಸಂಗೀತವನ್ನು ಅವರು ತಲೆಗೇರಿಸಿಕೊಂಡಿದ್ದರು.

2008ರ ಮಾರ್ಚ್‌ನಲ್ಲಿ ಆಲ್ಬಂ ಬಂದಾಗ ಅಮೆರಿಕದಲ್ಲಿ ಮೊದಲ ವಾರವೇ ಸುಮಾರು 1,39,000 ಪ್ರತಿಗಳು ಹೋದವು. ಪಟ್ಟಿಯಲ್ಲಿ ಎರಡನೆಯ ಸ್ಥಾನ. ಮೊದಲ ಆಲ್ಬಂ ಎಂದೂ ಮುಟ್ಟದ ಎತ್ತರ ಅದು. ಆದರೂ "ಮುಳುಗಿತು" ಎಂದು ನಾನು ನಿನಗೆ ಬರೆದಿದ್ದೆ! ಪೂರ್ತಿ ಸುಳ್ಳೂ ಅಲ್ಲ, ಬಿಡು. 'ನೈನ್ ಇನ್ ದಿ ಆಫ್ಟರ್‌ನೂನ್' ಹಾಡುಗಳ ಪಟ್ಟಿಯಲ್ಲಿ 51ರಲ್ಲಿ ನಿಂತಿತು, ಮೊದಲ ಆಲ್ಬಂನಷ್ಟು ದೀರ್ಘ ಮಾರಾಟ ಇದಕ್ಕೆ ಒದಗಲಿಲ್ಲ. ಮೊದಲ ವಾರ ಕೊಂಡವರು ಹಳೆಯ ಪ್ರೀತಿಯಿಂದ ಕೊಂಡರು. ಮನೆಗೆ ಹೋಗಿ ಹಾಕಿ ಕೇಳಿದಾಗ ಒಳಗಿದ್ದದ್ದು ಬೇರೆ.

ಇಲ್ಲಿಂದ ನನ್ನ ಹೊಸ ವಾದ ಶುರು. ನಮ್ಮ ಸಿಟ್ಟಿಗೆ ಕಾರಣ ಶೈಲಿ ಬದಲಾದದ್ದು ಎಂದೇ ನಾನೂ ನಂಬಿದ್ದೆ. ಈಗ ಹಾಗನ್ನಿಸುತ್ತಿಲ್ಲ. ಸಿಟ್ಟಿನ ಬೀಜ ಇರುವುದು ಆ ಆಲ್ಬಂನ ಮೊದಲ ಹಾಡಿನಲ್ಲಿ. 'ವಿ ಆರ್ ಸೊ ಸ್ಟಾರ್ವಿಂಗ್' ಒಂದೂವರೆ ನಿಮಿಷವೂ ಇಲ್ಲ. ಜನರ ಗದ್ದಲ ಕೇಳಿಸುತ್ತದೆ, ಪರದೆ ಏಳುವ ಮುಂಚಿನ ಸಡಗರ. ಆಮೇಲೆ ಯೂರಿ ಬಂದು, ಇಷ್ಟು ದಿನ ಕಾಣಿಸಿಕೊಳ್ಳದ್ದಕ್ಕೆ ಕ್ಷಮಿಸಿ, ನಿಮಗಾಗಿಯೇ ಹಾಡು ಕಟ್ಟುತ್ತಿದ್ದೆವು, ಚಿಂತಿಸಬೇಡಿ, ನಾವು ಅದೇ ತಂಡ ಎಂಬರ್ಥದ ಮಾತು ಹಾಡುತ್ತಾನೆ. ಅದೇ ತಂಡ! ಅವನು ಅದನ್ನು ಹೇಳುತ್ತಿರುವಾಗ ಹಿಂದಿನಿಂದ ಕೇಳಿಬರುವ ವಾದ್ಯಮೇಳ, ಇಲ್ಲ, ಇವನು ಸುಳ್ಳು ಹೇಳುತ್ತಿದ್ದಾನೆ ಎಂದು ಸಾಕ್ಷಿ ನುಡಿಯುತ್ತದೆ. ಅದೊಂದು ತಮಾಷೆ ಎಂದು ನೀನು ಆಗಲೇ ಹೇಳಿದ್ದೆ. ನನಗೆ ಅದು ಹಲ್ಲುಕಿರಿದು ಕಿಸೆಗೆ ಕೈ ಹಾಕಿದಂತೆ ಕೇಳಿಸಿತು. ಬದಲಾದವನನ್ನು ಕ್ಷಮಿಸಬಹುದು, ಬದಲಾಗಿಲ್ಲ ಎಂದು ಮುಖಕ್ಕೆ ಮುಖ ಕೊಟ್ಟು ಹೇಳುವವನನ್ನು ಕ್ಷಮಿಸುವುದು ಕಷ್ಟ. ಹಾಡು ಮುಗಿಯುವುದರೊಳಗೆ ನಾನು ಮನಸ್ಸಿನಲ್ಲೇ ಕಿವಿ ಮುಚ್ಚಿಕೊಂಡಾಗಿತ್ತು.

ತಮಾಷೆ ನೋಡು, ಆಗ ಇನ್ನೊಂದು ಹಾಡು ಮುಂದೆ ಹೋಗಿದ್ದರೆ ಸಾಕಿತ್ತು. ಐದನೆಯ ಹಾಡು 'ದಟ್ ಗ್ರೀನ್ ಜಂಟಲ್‌ಮನ್', ಅದರ ಹೆಸರಿನ ಜೊತೆಗೇ ಆವರಣದಲ್ಲಿ 'ಥಿಂಗ್ಸ್ ಹ್ಯಾವ್ ಚೇಂಜ್ಡ್' ಎಂದಿದೆ. ಒಂದನೆಯ ಹಾಡಿನಲ್ಲಿ ಏನೂ ಬದಲಾಗಿಲ್ಲ, ಐದನೆಯದರಲ್ಲಿ ಎಲ್ಲ ಬದಲಾಗಿದೆ. ನಾನು ನಾಲ್ಕಕ್ಕೆ ನಿಲ್ಲಿಸಿದ್ದೆ. ಸತ್ಯ ಹೇಳುವುದಕ್ಕೆ ಅವರು ತೆಗೆದುಕೊಂಡ ಸಮಯ ನನ್ನ ತಾಳ್ಮೆಗಿಂತ ಒಂದು ಹಾಡು ಹೆಚ್ಚಾಯಿತು, ಅಷ್ಟೇ.

ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಮೊದಲ ಆಲ್ಬಂ ಮತ್ತೆ ಕೇಳಿದಾಗ. ಅದರ ಎಂಟನೆಯ ತುಣುಕು ನೆನಪಿದೆಯಾ, 'ಇಂಟರ್ಮಿಷನ್'? ನಾವು ಅದನ್ನು ಯಾವಾಗಲೂ ದಾಟಿಸಿಬಿಡುತ್ತಿದ್ದೆವು. ಈ ಬಾರಿ ದಾಟಿಸಲಿಲ್ಲ. ಕುಣಿತದ ಯಾಂತ್ರಿಕ ಲಯ ಧಡಧಡ ಓಡುತ್ತಾ ಇದ್ದಕ್ಕಿದ್ದಂತೆ ಕೆಟ್ಟು ಕುಸಿಯುತ್ತದೆ, ಅದರ ಅವಶೇಷದ ಮೇಲೆ ಒಂದು ಪಿಯಾನೊ ಎದ್ದು ಕೂರುತ್ತದೆ. ಅಲ್ಲಿಂದ ಆಚೆಗೆ ಸಿಂಥಸೈಸರ್, ಡ್ರಮ್ ಮಷೀನುಗಳ ಕಾಲ ಮುಗಿಯಿತು. ಅಕಾರ್ಡಿಯನ್, ಪಿಯಾನೊ, ತಂತಿವಾದ್ಯ. ನಾವು ಎದೆ ಬಡಿದುಕೊಂಡು ಕೂಗುತ್ತಿದ್ದ 'ಐ ರೈಟ್ ಸಿನ್ಸ್' ಇರುವುದು ಈ ದ್ವಿತೀಯಾರ್ಧದಲ್ಲಿ, ಹತ್ತನೆಯದಾಗಿ. ಅದು ಶುರುವಾಗುವುದು ಗಿಟಾರಿನಿಂದಲ್ಲ. ಯಾರೋ ಚೆಲ್ಲೊವಿನ ತಂತಿಯನ್ನು ಬೆರಳಿನಿಂದ ಮೀಟುತ್ತಾರೆ. ಟುಣ್ ಟುಣ್ ಎಂಬ ಆ ನಾಲ್ಕಾರು ಸ್ವರ ಕೇಳಿದೊಡನೆ ಕೋಣೆಯಲ್ಲಿದ್ದವರೆಲ್ಲ ಎದ್ದು ನಿಲ್ಲುತ್ತಿದ್ದೆವು. ಅಂದರೆ, "ಪಿಟೀಲು ತಂದು ರಾಕ್ ಕೆಡಿಸಿದರು" ಎಂದು 2008ರಲ್ಲಿ ಗೊಣಗಿದ ನಾನು 2006ರಲ್ಲಿ ಎದ್ದು ಕುಣಿದದ್ದೇ ಪಿಟೀಲಿನ ಅಣ್ಣನಿಗೆ.

ಹೀಗಾಗಿ ಎರಡನೆಯ ಆಲ್ಬಂ ಆಕಾಶದಿಂದ ಉದುರಿದ್ದಲ್ಲ. ಮೊದಲನೆಯದರ ಮಧ್ಯಂತರದ ನಂತರದ ದಾರಿಯಲ್ಲೇ ಅವರು ಮುಂದೆ ನಡೆದಿದ್ದಾರೆ.

ಹಾಗೆಂದು ಶರಣಾಗಿಬಿಟ್ಟೆ ಎಂದು ಬೀಗಬೇಡ. ನನ್ನ ಹಳೆಯ ದೂರುಗಳಲ್ಲಿ ಅರ್ಧ ಈಗಲೂ ನಿಲ್ಲುತ್ತವೆ. 'ಫೋಕಿನ್ ಅರೌಂಡ್'ನಲ್ಲಿ ಹಳ್ಳಿಗಾಡಿನ ಪಿಟೀಲು ನುಡಿಸಿದ್ದಾರೆ, ಎರಡು ನಿಮಿಷದ ಮೋಜು, ಮೂರನೆಯ ಸಲಕ್ಕೆ ಬೇಸರ. 'ಐ ಹ್ಯಾವ್ ಫ್ರೆಂಡ್ಸ್ ಇನ್ ಹೋಲಿ ಸ್ಪೇಸಸ್'ಗೆ ಗ್ರಾಮಫೋನ್ ಕಾಲದ ವೇಷ ತೊಡಿಸಿದ್ದಾರೆ, ವೇಷ ಚೆನ್ನಾಗಿದೆ, ಒಳಗೆ ಮನುಷ್ಯನಿಲ್ಲ. ಬೀಟಲ್ಸ್ ಕೇಳಿ ಬೆಳೆದ ಹಿರಿಯರು ಈ ಆಲ್ಬಂ ಕೇಳಿ ಮೂಗು ಮುರಿದದ್ದರಲ್ಲಿ ಆಶ್ಚರ್ಯವಿಲ್ಲ. ಅಜ್ಜನ ಕೋಟು ಹಾಕಿಕೊಂಡ ಮೊಮ್ಮಗನನ್ನು ಕಂಡರೆ ಮುದ್ದು ಬರುತ್ತದೆ, ಆದರೆ ತೋಳು ಉದ್ದವಾಗಿದ್ದು ಕಾಣದೇ ಇರುತ್ತದೆಯೇ? ಇನ್ನೊಂದು ಮಾತು: ರಾಸ್‌ನ ನಾಲಿಗೆಯ ಮೊನೆ ಮೊಂಡಾಯಿತು. ಮೊದಲ ಆಲ್ಬಂನಲ್ಲಿ ಮೋಸ, ಮದುವೆ, ಹೋಟೆಲ್ ಕೋಣೆ, ಹಂಗಿಸುವ ಹುಡುಗ ಇದ್ದರು. ಇಲ್ಲಿ ಸೂರ್ಯ, ಚಂದ್ರ, ಮೋಡ, ಹೂವು. ವ್ಯಂಗ್ಯಕ್ಕಾಗಿ ಬಂದವರಿಗೆ ಹೂಗುಚ್ಛ ಕೊಟ್ಟು ಕಳಿಸಿದರು. ಆ ಕೇಳುಗರ ನಿರಾಸೆಯನ್ನು ಅಭಿರುಚಿ ಇಲ್ಲದವರ ಗೊಣಗಾಟ ಎಂದು ನೀನು ತಳ್ಳಿಹಾಕುತ್ತಿದ್ದೆಯಲ್ಲ, ಅದು ನ್ಯಾಯವಲ್ಲ. ಅವರು ಕಳೆದುಕೊಂಡದ್ದು ನಿಜವಾದ ವಸ್ತುವೇ.

ಆದರೆ 'ನಾರ್ದರ್ನ್ ಡೌನ್‌ಪೋರ್' ಮುಂದೆ ನನ್ನ ಬಾಯಿ ಕಟ್ಟುತ್ತದೆ. ಏಳನೆಯ ಹಾಡು. ಅಕೌಸ್ಟಿಕ್ ಗಿಟಾರಿನಲ್ಲಿ ಮೆಲ್ಲಗೆ ಹೊರಡುತ್ತದೆ, ಮೆರೆಯುವ ಯಾವ ಲಕ್ಷಣವೂ ಇಲ್ಲ. ಕೊನೆಗೆ ಬರುವಾಗ ಚಂದ್ರನನ್ನು ಮುಳುಗಬೇಡ ಎಂದು ಬೇಡುವ ಪಲ್ಲವಿ ಕೆಳಗೆ ಸುತ್ತುತ್ತಿರುತ್ತದೆ, ಅದರ ಮೇಲೆ ಇನ್ನೊಂದು ಧಾಟಿ ಹರಿದು ಬಂದು ಸೇರುತ್ತದೆ. ಯೂರಿಯ ದನಿ, ರಾಸ್‌ನ ದನಿ, ಒಂದು ನುರಿತ ಗಂಟಲು, ಇನ್ನೊಂದು ಸ್ವಲ್ಪ ಒರಟು. ಮೊದಲ ಆಲ್ಬಂನ ಜಾಣತನದಲ್ಲಿ ಇದಕ್ಕೆ ಜಾಗವೇ ಇರಲಿಲ್ಲ. ಚುಚ್ಚುವವನಿಗೆ ಬೇಡಿಕೊಳ್ಳಲು ಬರುವುದಿಲ್ಲ. ಮೂರು ಸಲ ಹಿಂದಕ್ಕೆ ತಿರುಗಿಸಿ ಕೇಳಿದೆ. ಬರೆದವರು ಇಪ್ಪತ್ತು, ಇಪ್ಪತ್ತೊಂದರ ಹುಡುಗರು ಎಂದು ನೆನಪಾಗಿ ಸ್ವಲ್ಪ ಹೊಟ್ಟೆಯುರಿಯೂ ಆಯಿತು.

ಗೊತ್ತಿದ್ದು ಕೇಳುವವರಿಗೆ ಆ ಎರಡು ದನಿಗಳಲ್ಲಿ ಬೇರೆಯದೂ ಕೇಳಿಸುತ್ತದೆ. 2009ರ ಜುಲೈನಲ್ಲಿ ರಾಸ್ ಮತ್ತು ಬೇಸ್ ಗಿಟಾರ್ ನುಡಿಸುತ್ತಿದ್ದ ಜಾನ್ ವಾಕರ್ ತಂಡ ಬಿಟ್ಟರು. ಅವರಿಗೆ ಹಳೆಯ ರಾಕ್‌ನ ಹಾದಿ ಬೇಕಿತ್ತು, ಯೂರಿಗೆ ಹೊಳಪಿನ ಪಾಪ್. ಹೋದವರು ದಿ ಯಂಗ್ ವೇನ್ಸ್ ಎಂದು ತಂಡ ಕಟ್ಟಿ 2010ರಲ್ಲಿ ಒಂದು ಆಲ್ಬಂ ತಂದರು, ಅಲ್ಲಿಗೆ ಮುಗಿಯಿತು. ಉಳಿದವರ ಹೆಸರಿಗೆ ಆಶ್ಚರ್ಯಸೂಚಕ ಚಿಹ್ನೆ ವಾಪಸ್ ಬಂತು! ಅಂದು ನಾನು ನಿನಗೆ ವಿಜಯೋತ್ಸಾಹದಿಂದ ಫೋನ್ ಮಾಡಿದ್ದೆ. ಅದರ ಬೆಲೆ ರಾಸ್ ಎಂದು ಹೊಳೆಯಲಿಲ್ಲ. ಮುಂದೆ ಒಬ್ಬೊಬ್ಬರೇ ಕಳಚಿಕೊಂಡು, ಕೊನೆಗೆ ತಂಡವೆಂದರೆ ಯೂರಿ ಒಬ್ಬನೇ ಎಂಬಂತಾಗಿ, 2023ರಲ್ಲಿ ಅದೂ ನಿಂತಿತು. ಈ ಎಲ್ಲ ಆದ ಮೇಲೆ ಈ ಆಲ್ಬಂಗೆ ಪ್ರೀತಿ ಹೆಚ್ಚಿದೆ, ಇದೇ ಅವರ ಶ್ರೇಷ್ಠ ಕೃತಿ ಎನ್ನುವವರೂ ಈಗ ಸಿಗುತ್ತಾರೆ. ಅದರಲ್ಲಿ ಸ್ವಲ್ಪ ಭಾಗ ಸಂಗೀತಕ್ಕೆ ಸಂದದ್ದು, ಸ್ವಲ್ಪ ಭಾಗ ಮುರಿದ ಮನೆಯ ಹಳೆಯ ಫೋಟೊಗೆ ಸಂದದ್ದು ಎಂದು ನನ್ನ ಗುಮಾನಿ. ಆಗಿನ ತಂಡದ ನಾಲ್ವರೂ ಸೇರಿ ಹಾಡು ಬರೆದ ಒಂದೇ ಆಲ್ಬಂ ಅದು.

ಇನ್ನೊಂದು ಅಮೆರಿಕನ್ ರಾಕ್ ತಂಡ ವೀಜರ್‌ನ 'ಪಿಂಕರ್ಟನ್' ಆಲ್ಬಂಗೂ ಹೀಗೇ ಆಗಿತ್ತು. ಅದೂ ಎರಡನೆಯದೇ, 1996ರದ್ದು. ಬಂದಾಗ ರೋಲಿಂಗ್ ಸ್ಟೋನ್ ಓದುಗರು ಆ ವರ್ಷದ ಅತಿ ಕೆಟ್ಟ ಆಲ್ಬಂಗಳ ಸಾಲಿಗೆ ಸೇರಿಸಿದ್ದರು, ಆಮೇಲೆ ಅದೇ ಪತ್ರಿಕೆ ಹೊಗಳಿತು. ಇದನ್ನು ಆಧಾರವಾಗಿಟ್ಟುಕೊಂಡು "ಎರಡನೆಯ ಆಲ್ಬಂಗೆ ಬೈದವರೆಲ್ಲ ಮೂರ್ಖರು" ಎಂದು ವಾದ ಹೂಡಬೇಡ. ಬೈಸಿಕೊಂಡು ಮರೆತುಹೋದ ಎರಡನೆಯ ಆಲ್ಬಂಗಳ ಲೆಕ್ಕ ಯಾರೂ ಇಟ್ಟಿಲ್ಲ.

ಒಂದು ಕೆಲಸ ಮಾಡು. ನಾನು ಈ ವಾರ ಮಾಡಿಕೊಂಡ ಪಟ್ಟಿ ಇದು: ಮೊದಲ ಆಲ್ಬಂನ ಎಂಟನೆಯ ತುಣುಕಿನಿಂದ ಕೊನೆಯವರೆಗೆ, ಅದರ ಬೆನ್ನಿಗೇ ಎರಡನೆಯ ಆಲ್ಬಂ, ಆದರೆ ಆ ಒಂದೂವರೆ ನಿಮಿಷದ ಮೊದಲ ಹಾಡನ್ನು ಬಿಟ್ಟು. ಕ್ಷಮೆಯೂ ಬೇಡ, ಅದೇ ತಂಡ ಎಂಬ ಭರವಸೆಯೂ ಬೇಡ. ಹೊಲಿಗೆ ಎಲ್ಲಿದೆ ಎಂದು ಹುಡುಕಿ ಬರೆ. 'ಫೋಕಿನ್ ಅರೌಂಡ್' ತೆಗೆದು ಹಾಕಿದ್ದೇನೆ. ಬೇಕಿದ್ದರೆ ನೀನು ಸೇರಿಸಿಕೋ, ಆದರೆ ಅದರ ಪರವಾಗಿ ನನಗೆ ನಾಲ್ಕು ಪುಟ ಬರೆಯಬೇಡ.

ಸಿಡಿಯ ಮೇಲಿನ ನಿನ್ನ ಎರಡನೆಯ ಪೂರ್ಣವಿರಾಮ ಅಳಿಸಿಹೋಗಿತ್ತು. ಪೆನ್ ತೆಗೆದುಕೊಂಡು ತಿದ್ದಿದ್ದೇನೆ.

ನಿನ್ನ,
ಆ ಪತ್ರ ಬರೆದವನೇ