14 ನಿಮಿಷದ ಆಟಕ್ಕೆ ಇಡೀ ವರ್ಷದ ಉಳಿತಾಯ: ಕ್ರೀಡಾ ಸಚಿವರಿಗೆ ದಾವಣಗೆರೆಯಿಂದ ಬಹಿರಂಗ ಪತ್ರ

ಮಾನ್ಯ ಕ್ರೀಡಾ ಸಚಿವರಿಗೆ,

ನಮಸ್ಕಾರ. ನಾನು ದಾವಣಗೆರೆಯ ಒಂದು ಶಾಲೆಯಲ್ಲಿ ಪಿಟಿ ಮೇಷ್ಟ್ರು. ಒಂಬತ್ತು ವರ್ಷದಿಂದ ಸಂಜೆ ಹೊತ್ತು ಮಕ್ಕಳಿಗೆ ರಗ್ಬಿ ಹೇಳಿಕೊಡುತ್ತಿದ್ದೇನೆ. ಈಗ 22 ಮಕ್ಕಳಿದ್ದಾರೆ, ಅವರಲ್ಲಿ ಒಂಬತ್ತು ಜನ ಹುಡುಗಿಯರು. ಅರ್ಜಿ ಬರೆದು ಬರೆದು ಸಾಕಾಗಿದೆ. ಸ್ವೀಕೃತಿ ಚೀಟಿಗಳೇ ಒಂದು ಫೈಲ್ ತುಂಬಿವೆ. ಅದಕ್ಕೇ ಈ ಸಲ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಕೇಳುವುದು ಒಂದೇ. ಜಿಲ್ಲೆಗಳ ನಡುವೆ ಒಂದು ರಗ್ಬಿ ಲೀಗ್ ಮಾಡಿಕೊಡಿ. ನಮ್ಮಂಥ ಬಡ ಕ್ಲಬ್ಬುಗಳ ಕೈಗೆಟಕುವ ಲೀಗ್ ಮಾಡಿಕೊಡಿ.

ಹೋದ ಡಿಸೆಂಬರ್‌ನಲ್ಲಿ ಏನಾಯಿತು ಅಂತ ಹೇಳಿಬಿಡುತ್ತೇನೆ. ಬೆಂಗಳೂರಿನಲ್ಲಿ ಒಂದು ಸೆವೆನ್ಸ್, ಅಂದರೆ ಏಳೇಳು ಜನ ಆಡುವ ರಗ್ಬಿಯ ಟೂರ್ನಿ ಇತ್ತು. ಹತ್ತು ಹುಡುಗರು, ಒಂಬತ್ತು ಹುಡುಗಿಯರನ್ನು ಹೊರಡಿಸಿದೆ. ಶಕ್ತಿ ಯೋಜನೆ ಇರುವುದರಿಂದ ಕೆಂಪು ಬಸ್ಸಿನಲ್ಲಿ ಹುಡುಗಿಯರಿಗೆ ಟಿಕೆಟ್ ಇಲ್ಲ, ಅಷ್ಟು ಪುಣ್ಯ. ಹುಡುಗರ ಟಿಕೆಟ್, ಎರಡು ಟೀಮಿನ ಎಂಟ್ರಿ ಫೀಸು, ಊಟ ತಿಂಡಿ, ಕಾಲಿಗೆ ಬೂಟಿಲ್ಲದ ನಾಲ್ಕು ಮಕ್ಕಳಿಗೆ ಬೂಟು, ಎಲ್ಲ ಸೇರಿ 14,350 ರೂಪಾಯಿ ಆಯಿತು. ಮನೆಮನೆಯಿಂದ ತಿಂಗಳಿಗೆ ಐವತ್ತು, ನೂರು ಅಂತ ವರ್ಷವಿಡೀ ಕೂಡಿಟ್ಟ ದುಡ್ಡು. ಸಾಲದ್ದಕ್ಕೆ ನಾನು ಹಾಕಿದೆ.

ಒಬ್ಬ ಹುಡುಗಿಯ ತಾಯಿ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ಹೊರಡುವ ರಾತ್ರಿ ಬಸ್ ಸ್ಟ್ಯಾಂಡಿಗೆ ಬಂದರು. ಸೆರಗಿನ ಗಂಟು ಬಿಚ್ಚಿ ಮೂರು ನೂರರ ನೋಟು ನನ್ನ ಕೈಗಿಟ್ಟರು. ನೋಟಿಗೆಲ್ಲ ಭಟ್ಟಿ ಹೊಗೆಯ ವಾಸನೆ. "ಮೇಷ್ಟ್ರೇ, ಇವಳಿಗೆ ಹಾಲು ಮೊಟ್ಟೆ ಕೊಡಿಸಿ. ಆಡೋ ಮಕ್ಕಳು ಹಸ್ಕೊಂಡಿರಬಾರದು" ಅಂದರು. ಜೊತೆಗೆ ಎಲ್ಲರಿಗೂ ಆಗುವಷ್ಟು ಒಂದು ಚೀಲ ಮಂಡಕ್ಕಿ ತಂದಿದ್ದರು.

ಬೆಳಿಗ್ಗೆ ಏಳಕ್ಕೆ ಮೈದಾನಕ್ಕೆ ಹೋದೆವು. ಮಕ್ಕಳು ಜೆರ್ಸಿ ಹಾಕಿಕೊಂಡು ವಾರ್ಮಪ್ ಶುರು ಮಾಡಿದ್ದರು. ಆಗ ಒಬ್ಬರು ಬಂದು "ಹುಡುಗೀರ ಟೀಮ್ ಮೂರೇ ಬಂದಿರೋದು, ಆ ವಿಭಾಗ ಕ್ಯಾನ್ಸಲ್" ಅಂದರು. ಅಷ್ಟೇ. ಫೀಸೂ ವಾಪಸ್ ಇಲ್ಲ. ಮೂರು ಟೀಮ್ ಇದ್ದರೆ ಮೂರು ಮ್ಯಾಚ್ ಆಡಿಸಬಹುದು ಅಲ್ವಾ? ಮೈದಾನ ಅಲ್ಲೇ ಇತ್ತು, ರೆಫ್ರಿ ಅಲ್ಲೇ ಇದ್ದರು. ಇಷ್ಟು ಟೀಮ್ ಬರದಿದ್ದರೆ ಆ ವಿಭಾಗವೇ ರದ್ದು ಅನ್ನುವ ಕನಿಷ್ಠ ಟೀಮಿನ ನಿಯಮ ನಿಮಗೆ ಗೊತ್ತೇ ಇದೆ. ಆ ನಿಯಮ 260 ಕಿಲೋಮೀಟರ್ ದೂರದಿಂದ ಬಂದ ಮಕ್ಕಳಿಗೆ ಏನು ಮಾಡುತ್ತದೆ ಅನ್ನುವುದೂ ಗೊತ್ತಿರಲಿ.

ಹುಡುಗರದು ನಾಕೌಟ್, ಒಂದು ಸಲ ಸೋತರೆ ಹೊರಗೆ. ಮೊದಲ ಮ್ಯಾಚೇ ನಗರದ ಒಂದು ಬಲವಾದ ಟೀಮಿನ ಮೇಲೆ ಬಿತ್ತು. ಏಳು ನಿಮಿಷ, ವಿರಾಮ, ಮತ್ತೆ ಏಳು ನಿಮಿಷ. ಸೋತೆವು. ಒಂಬತ್ತೂವರೆಗೆ ನಮ್ಮ ಟೂರ್ನಿ ಮುಗಿದಿತ್ತು. 14 ನಿಮಿಷಕ್ಕೆ 14,350 ರೂಪಾಯಿ. ಹುಡುಗಿಯರಿಗೆ ಒಂದು ನಿಮಿಷವೂ ಇಲ್ಲ.

ವಾಪಸ್ ಬರುವಾಗ ಆ ಹುಡುಗಿ ಜೆರ್ಸಿ ಬಿಚ್ಚಲೇ ಇಲ್ಲ. ಊರು ಮುಟ್ಟಿದಾಗ ತಾಯಿ ಬಸ್ ಸ್ಟ್ಯಾಂಡಿನಲ್ಲೇ ಕಾಯುತ್ತಿದ್ದರು. "ಗೆದ್ರಾ?" ಅಂತ ಕೇಳಿದರು. ಆಡಿಸಲೇ ಇಲ್ಲ ಅಂತ ಆ ತಾಯಿಗೆ ಹೇಗೆ ಹೇಳುವುದು ಸಚಿವರೇ? ನನಗೆ ಬಾಯಿ ಬರಲಿಲ್ಲ. ಅವಳೇ ಹೇಳಿದಳು.

ಆಡಿಸಿದವರನ್ನು ಬೈಯುವುದಕ್ಕೆ ಈ ಪತ್ರ ಅಲ್ಲ. ವರ್ಷಕ್ಕೆ ಒಂದೋ ಎರಡೋ ಟೂರ್ನಿ, ಅದೂ ಒಂದೇ ದಿನದ್ದು, ಅದೂ ದೂರದ ಊರಲ್ಲಿ. ಹೀಗಿದ್ದರೆ ಇನ್ನೇನಾಗುತ್ತದೆ?

2025ರ ಜೂನ್‌ನಲ್ಲಿ ಮುಂಬೈಯ ಅಂಧೇರಿಯಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ಶುರುವಾಯಿತು. ಆರು ತಂಡಗಳಲ್ಲಿ ಒಂದು ಬೆಂಗಳೂರು ಬ್ರೇವ್‌ಹಾರ್ಟ್ಸ್. ನನ್ನ ಮೊಬೈಲ್ ಸುತ್ತ ತಲೆಗೆ ತಲೆ ಕೊಟ್ಟು ಕೂತು ಮಕ್ಕಳು ನೋಡಿದರು. ಹೊರದೇಶದ ದೊಡ್ಡ ಆಟಗಾರರ ಪಕ್ಕದಲ್ಲಿ ನಮ್ಮ ದೇಶದ ಹುಡುಗರು ಆಡಿದರು. ಚೆನ್ನೈ ಬುಲ್ಸ್ ಕಪ್ ಗೆದ್ದಿತು. ಆಗ ನಮ್ಮ ಒಬ್ಬ ಹುಡುಗ "ಸಾರ್, ಅಲ್ಲಿಗೆ ಹೋಗೋಕೆ ಮೊದಲು ಎಲ್ಲಿ ಆಡಬೇಕು?" ಅಂತ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಕೆಳಗೆ ನಮ್ಮ ಮಣ್ಣಿನ ಮೈದಾನ, ಮೇಲೆ ಅಂಧೇರಿ. ನಡುವೆ ಮೆಟ್ಟಿಲೇ ಇಲ್ಲ.

ನಮ್ಮ ಊರಿಗೆ ಮೆಟ್ಟಿಲು ಅಂದರೆ ಏನು ಅಂತ ಚೆನ್ನಾಗಿ ಗೊತ್ತು. ದುಗ್ಗಮ್ಮನ ಜಾತ್ರೆಯ ಕುಸ್ತಿ ನೋಡಿದವರನ್ನು ಕೇಳಿ. ಗರಡಿಯಲ್ಲಿ ಸಾಮು ಮಾಡಿದ ಹುಡುಗ ನೇರವಾಗಿ ಹೋಗಿ ಕೇಸರಿ ಬಿರುದು ಗೆಲ್ಲುವುದಿಲ್ಲ. ಮೊದಲು ಜಾತ್ರೆಯ ಅಖಾಡದಲ್ಲಿ ಸಣ್ಣ ಜೋಡಿ ಹಿಡಿಯುತ್ತಾನೆ. ಸೋಲುತ್ತಾನೆ. ಪಕ್ಕದ ಊರಿನ ಜಾತ್ರೆಗೆ ಹೋಗಿ ಮತ್ತೆ ಹಿಡಿಯುತ್ತಾನೆ. ಹಾಗೆ ಹಿಡಿದು ಹಿಡಿದೇ ಪೈಲ್ವಾನ್ ಆಗುತ್ತಾನೆ. ಕ್ರಿಕೆಟ್‌ನಲ್ಲೂ ಅಷ್ಟೇ. ದಾವಣಗೆರೆ ಎಕ್ಸ್‌ಪ್ರೆಸ್ ವಿನಯ್ ಕುಮಾರ್ ಅವರು ಭಾರತಕ್ಕೆ ಆಡಿದ್ದು ಒಂದೇ ನೆಗೆತಕ್ಕಲ್ಲ. ಆ ಆಟಕ್ಕೆ ಡಿವಿಷನ್ ಲೀಗ್ ಇದೆ, ವಲಯದ ಟೀಮ್ ಇದೆ, ರಣಜಿ ಇದೆ. ರಗ್ಬಿ ಆಡುವ ಮಕ್ಕಳು ಮಾತ್ರ ಯಾಕೆ ನೆಲದಿಂದ ಮಾಳಿಗೆಗೆ ಹಾರಬೇಕು?

ರಗ್ಬಿಯಲ್ಲಿ ಪಳಗಿದ ನ್ಯೂಜಿಲೆಂಡ್‌ನಲ್ಲೂ ಈ ತೊಂದರೆ ಇತ್ತು. ದೊಡ್ಡ ಊರಿನ ತಂಡಗಳ ಮುಂದೆ ಸಣ್ಣ ಪ್ರಾಂತ್ಯದವರು ನಿಲ್ಲಲು ಆಗುತ್ತಿರಲಿಲ್ಲ. 2006ರಲ್ಲಿ ಅವರಿಗೇ ಅಂತ ಹಾರ್ಟ್‌ಲ್ಯಾಂಡ್ ಚಾಂಪಿಯನ್‌ಶಿಪ್ ಶುರು ಮಾಡಿದರು. 12 ಸಣ್ಣ ಪ್ರಾಂತ್ಯಗಳು ಅದರಲ್ಲಿ ಆಡುತ್ತವೆ. ಮೇಲಿನ ನಾಲ್ಕು ತಂಡಕ್ಕೆ ಮೀಡ್ಸ್ ಕಪ್, ಅದರ ನಂತರದ ನಾಲ್ಕಕ್ಕೆ ಲೊಚೋರ್ ಕಪ್. ಅಂದರೆ ಐದನೇ ಜಾಗದಲ್ಲಿ ಇದ್ದವರಿಗೂ ಗೆಲ್ಲಲು ಒಂದು ಕಪ್ ಇದೆ! ಇದು ನನಗೆ ತುಂಬಾ ಇಷ್ಟವಾದ ವಿಷಯ. ಸೋತವರನ್ನು ಬಸ್ ಹತ್ತಿಸುವುದಿಲ್ಲ, ಇನ್ನೊಂದು ಮ್ಯಾಚ್ ಕೊಡುತ್ತಾರೆ.

ನಮಗೂ ಅಂಥದ್ದು ಬೇಕು. ಖರ್ಚು ಜಾಸ್ತಿ ಆಗುವುದಿಲ್ಲ. ದಾವಣಗೆರೆ, ಚಿತ್ರದುರ್ಗ, ಹಾವೇರಿ, ಶಿವಮೊಗ್ಗ ಒಂದು ಗುಂಪು ಮಾಡಿ. ಚಿತ್ರದುರ್ಗ ಇಲ್ಲಿಂದ 60 ಕಿಲೋಮೀಟರ್ ಆಸುಪಾಸು. ಉಳಿದೆರಡೂ ಬೆಳಿಗ್ಗೆ ಹೋಗಿ ಸಂಜೆ ಮನೆ ಸೇರುವ ದೂರವೇ. ಲಾಡ್ಜ್ ಬೇಡ, ಛತ್ರ ಬೇಡ. ಸೆವೆನ್ಸ್‌ಗೆ ಏಳು ಜನ ಆಟಗಾರರು, ಐದು ಜನ ಬದಲಿ, ಒಂದು ಟೆಂಪೋ ಸಾಕು. ನಾಲ್ಕು ಟೀಮ್ ಸೇರಿದರೆ ಆರು ಮ್ಯಾಚ್. ಒಂದು ಮ್ಯಾಚಿಗೆ ವಿರಾಮ ಸೇರಿ 16 ನಿಮಿಷ. ಪ್ರತಿ ಟೀಮಿಗೂ 42 ನಿಮಿಷ ಆಟ ಸಿಗುತ್ತದೆ. ಹುಡುಗರದೂ ಹುಡುಗಿಯರದೂ ಸೇರಿ ಒಂದೇ ದಿನದಲ್ಲಿ ಮುಗಿಯುತ್ತದೆ. ತಿಂಗಳಿಗೆ ಒಂದು ಭಾನುವಾರ, ಆರು ತಿಂಗಳು. ಎಂಟ್ರಿ ಫೀಸು ಬೇಡ. ಬಸ್ ಖರ್ಚು, ಮಧ್ಯಾಹ್ನದ ಊಟ, ಒಬ್ಬ ಡಾಕ್ಟರ್, ಒಂದು ಆಂಬುಲೆನ್ಸ್ ಕೊಡಿ. ಆಂಬುಲೆನ್ಸ್ ಮಾತ್ರ ಬಿಡಬೇಡಿ. ಪ್ರಾಕ್ಟೀಸಿನಲ್ಲಿ ಒಬ್ಬ ಹುಡುಗನ ಭುಜ ಕಳಚಿದಾಗ ಆಟೋದಲ್ಲಿ ತೊಡೆ ಮೇಲೆ ಮಲಗಿಸಿಕೊಂಡು ಹೋಗಿದ್ದೇನೆ. ಅವನ ಕೂಗು ಇನ್ನೂ ಕಿವಿಯಲ್ಲಿದೆ.

ಗುಂಪಿನಲ್ಲಿ ಗೆದ್ದವರು ರಾಜ್ಯ ಮಟ್ಟಕ್ಕೆ ಬರಲಿ. ದಸರಾ ಕ್ರೀಡಾಕೂಟವನ್ನು ತಾಲ್ಲೂಕು, ಜಿಲ್ಲೆ, ವಿಭಾಗ ಅಂತ ಹಂತಹಂತವಾಗಿ ನಡೆಸಿ ಇಲಾಖೆಗೆ ಅಭ್ಯಾಸ ಇದೆ. ಹೊಸದಾಗಿ ಕಲಿಯುವುದು ಏನೂ ಇಲ್ಲ. ಮತ್ತೆ ಆ ಲೀಗಿಗೆ ಮಾನ್ಯತೆ ಕೊಡಿ. ಮಾನ್ಯತೆ ಇಲ್ಲದ ಕೂಟದ ಸರ್ಟಿಫಿಕೇಟ್ ಕ್ರೀಡಾ ಕೋಟಾದ ಸೀಟಿಗೆ ಉಪಯೋಗಕ್ಕೆ ಬರುವುದಿಲ್ಲ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಇದು ನಮ್ಮ ಆಟ ಅಲ್ಲವಲ್ಲ ಮೇಷ್ಟ್ರೇ, ಕಬಡ್ಡಿ ಆಡಿಸಿ" ಅಂತ ಕಚೇರಿಗಳಲ್ಲಿ ಎಷ್ಟೋ ಸಲ ಕೇಳಿಸಿಕೊಂಡಿದ್ದೇನೆ. ಕಬಡ್ಡಿಯನ್ನೂ ಆಡಿಸುತ್ತೇನೆ. ಆದರೆ ರಗ್ಬಿಯಲ್ಲಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಇವತ್ತಿಗೂ ಕಾದಾಡುವ ಕಲ್ಕತ್ತಾ ಕಪ್ ಮಾಡಿದ್ದು ನಮ್ಮ ಬೆಳ್ಳಿ ರೂಪಾಯಿ ಕರಗಿಸಿ, 1878ರಲ್ಲಿ. 2016ರಿಂದ ಸೆವೆನ್ಸ್ ಒಲಿಂಪಿಕ್ಸ್‌ನಲ್ಲಿದೆ. ಒಡಿಶಾದ ಹಳ್ಳಿ ಹುಡುಗಿಯರು ಭಾರತ ತಂಡದಲ್ಲಿ ಆಡಿದ್ದಾರೆ. 2025ರ ಆಗಸ್ಟ್‌ನಲ್ಲಿ ಏಷ್ಯಾದ 20 ವರ್ಷದೊಳಗಿನವರ ಸೆವೆನ್ಸ್ ನಡೆದದ್ದು ಬಿಹಾರದ ರಾಜಗೀರ್‌ನಲ್ಲಿ. ರಾಜಗೀರ್ ದಾವಣಗೆರೆಗಿಂತ ಎಷ್ಟೋ ಚಿಕ್ಕ ಊರು. ಅಲ್ಲಿ ಆಗುವುದು ಇಲ್ಲಿ ಯಾಕೆ ಆಗಬಾರದು?

ನಮ್ಮ ಹತ್ತಿರ ಇರುವುದು ಎರಡು ಚೆಂಡು. ಒಂದು ಬಿಟ್ಟುಕೊಂಡಿತ್ತು. ಚಪ್ಪಲಿ ಹೊಲಿಯುವವರ ಹತ್ತಿರ ದಪ್ಪ ದಾರದಲ್ಲಿ ಹೊಲಿಸಿದ್ದೇವೆ. ಹಿಡಿದರೆ ಆ ಹೊಲಿಗೆ ಅಂಗೈಗೆ ಒತ್ತುತ್ತದೆ. ಯಾವ ಚೆಂಡು ಬಂತು ಅಂತ ಮಕ್ಕಳು ಕಣ್ಣು ಮುಚ್ಚಿಕೊಂಡೇ ಹೇಳುತ್ತಾರೆ. ಗೋಲ್ ಕಂಬ ಬಿದಿರಿನದು. ಇದ್ಯಾವುದಕ್ಕೂ ನಾವು ನಿಮ್ಮನ್ನು ಕೇಳಿಲ್ಲ. ಚೆಂಡು ನಾವು ಹೊಲಿಸಿಕೊಳ್ಳುತ್ತೇವೆ, ಕಂಬ ನಾವೇ ನೆಡುತ್ತೇವೆ. ಲೀಗ್ ಮಾತ್ರ ನಾವು ಮಾಡಲು ಆಗುವುದಿಲ್ಲ. ಅದನ್ನು ನೀವೇ ಮಾಡಬೇಕು.

ಬೆಂಗಳೂರಿನಲ್ಲಿ ಆಡದೆ ಬಂದ ಆ ಹುಡುಗಿಗೆ ಈಗ ಹದಿನೇಳು. ಪ್ರಾಕ್ಟೀಸ್ ತಪ್ಪಿಸಿಲ್ಲ. ಪ್ರತಿ ಸೋಮವಾರ "ಸಾರ್, ಮುಂದಿನ ಮ್ಯಾಚ್ ಯಾವಾಗ?" ಅಂತ ಕೇಳುತ್ತಾಳೆ. ಅವಳಿಗೆ ಹೇಳುವುದಕ್ಕೆ ನನಗೆ ಒಂದು ತಾರೀಖು ಕೊಡಿ.

ಇಂತಿ,
ದಾವಣಗೆರೆಯ ಒಬ್ಬ ಪಿಟಿ ಮೇಷ್ಟ್ರು