ಐಷಾರಾಮಿ ಕಾರುಗಳ ಖರ್ಚಿನ ಹೋಲಿಕೆ ಆರನೇ ವರ್ಷದಿಂದ ಶುರುವಾಗಲಿ

ಸಂಪಾದಕರಿಗೆ,

ಮಾನ್ಯರೇ,

ಕಳೆದ ವಾರ ನಿಮ್ಮ ಪತ್ರಿಕೆಯ ವಾಹನ ಪುಟದಲ್ಲಿ ಐಷಾರಾಮಿ ಕಾರುಗಳ ನಿರ್ವಹಣಾ ವೆಚ್ಚವನ್ನು ಕಂಪನಿವಾರು ಹೋಲಿಸಿದ ಬರಹ ಪ್ರಕಟವಾಗಿತ್ತು. ಯಾವ ಕಂಪನಿಯ ಸರ್ವಿಸ್ ಪ್ಯಾಕೇಜಿಗೆ ಎಷ್ಟು ಹಣ, ಎಷ್ಟು ಕಿಲೋಮೀಟರಿಗೊಮ್ಮೆ ಆಯಿಲ್ ಬದಲಿಸಬೇಕು, ವಾರಂಟಿ ಎಷ್ಟು ವರ್ಷ ಎಂಬುದನ್ನೆಲ್ಲ ಅದರಲ್ಲಿ ಅಚ್ಚುಕಟ್ಟಾಗಿ ಕೊಡಲಾಗಿತ್ತು. 22 ವರ್ಷಗಳಿಂದ ಬೆಂಗಳೂರಿನಲ್ಲಿ ವಾಹನ ವಿಮೆಯ ಸರ್ವೇಯರ್ ಆಗಿ, ದಿನ ಬೆಳಗಾದರೆ ಗ್ಯಾರೇಜುಗಳ ಎಸ್ಟಿಮೇಟ್ ಓದುವುದನ್ನೇ ಕಸುಬು ಮಾಡಿಕೊಂಡಿರುವ ನನಗೆ ಆ ಬರಹದಲ್ಲಿ ತಪ್ಪೇನೂ ಕಾಣಲಿಲ್ಲ. ಆದರೆ ಅದು ಎಲ್ಲಿ ಮುಗಿಯಿತೋ ಅಲ್ಲಿಂದ ಶುರುವಾಗಬೇಕಿತ್ತು ಅನಿಸಿತು. ವಾರಂಟಿ ಇರುವಷ್ಟು ಕಾಲ ಈ ಕಾರುಗಳು, ಯಾವ ಕಂಪನಿಯವೇ ಆಗಿರಲಿ, ಮಾಲೀಕರ ಕೈಯನ್ನು ಅಷ್ಟಾಗಿ ಸುಡುವುದಿಲ್ಲ. ನಿಜವಾದ ಖರ್ಚು ಬರುವುದು ಐದಾರು ವರ್ಷ ಕಳೆದ ಮೇಲೆ. ಅಷ್ಟರಲ್ಲಿ ಕಾರು ಕೈ ಬದಲಾಗಿ, ಅದನ್ನು ಹೊಸದಾಗಿ ಕೊಳ್ಳುವ ಶಕ್ತಿ ಎಂದೂ ಇಲ್ಲದಿದ್ದ ಮನೆಯೊಂದರ ಮುಂದೆ ನಿಂತಿರುತ್ತದೆ.

ಹೋದ ಮಳೆಗಾಲದ ಒಂದು ಪ್ರಕರಣ ಹೇಳುತ್ತೇನೆ. ತುಮಕೂರಿನಲ್ಲಿ ಸಣ್ಣಪುಟ್ಟ ಗುತ್ತಿಗೆ ಕೆಲಸ ಮಾಡಿಸುವ ಯುವಕರೊಬ್ಬರು ಎಂಟು ವರ್ಷ ಹಳೆಯ ವಿದೇಶಿ ಕಂಪನಿಯ ಕಾರೊಂದನ್ನು 15 ಲಕ್ಷ ರೂಪಾಯಿಗೆ ಕೊಂಡಿದ್ದರು. ಹೊಸದರಲ್ಲಿ ಅದರ ಬೆಲೆ 60 ಲಕ್ಷಕ್ಕೂ ಹೆಚ್ಚು. ಕೊಂಡ ಐದನೇ ತಿಂಗಳಲ್ಲಿ ಒಂದು ಬೆಳಿಗ್ಗೆ ಎದ್ದು ನೋಡಿದರೆ ಕಾರಿನ ಹಿಂಬದಿಯ ಎಡ ಮೂಲೆ ಕುಸಿದು, ಚಕ್ರದ ಮೇಲ್ಭಾಗ ಮಡ್‌ಗಾರ್ಡಿನೊಳಗೆ ಹೂತುಹೋದಂತೆ ಕಾಣುತ್ತಿತ್ತು. ಸ್ಟಾರ್ಟ್ ಮಾಡಿದರೆ ಮೆಲ್ಲಗೆ ಏಳುತ್ತಿತ್ತು, ರಾತ್ರಿ ನಿಲ್ಲಿಸಿದರೆ ಮತ್ತೆ ಕೂರುತ್ತಿತ್ತು. ರಸ್ತೆ ಗುಂಡಿಗೆ ಇಳಿದಾಗ ಬಿದ್ದ ಏಟೇ ಇದಕ್ಕೆ ಕಾರಣವೆಂದು ನಂಬಿ ಅವರು ವಿಮೆಗೆ ಅರ್ಜಿ ಹಾಕಿದ್ದರಿಂದ ನಾನು ಹೋಗಿ ನೋಡಬೇಕಾಯಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯ ಗ್ಯಾರೇಜೊಂದರಲ್ಲಿ ಮೆಕ್ಯಾನಿಕ್ ಕಾರನ್ನು ಲಿಫ್ಟಿಗೆ ಏರಿಸಿ, ಬಟ್ಟೆ ಸೋಪಿನ ನೀರನ್ನು ಸ್ಪ್ರೇ ಬಾಟಲಿಗೆ ತುಂಬಿ, ಏರ್ ಸಸ್ಪೆನ್ಷನ್ನಿನ, ಅಂದರೆ ಸ್ಪ್ರಿಂಗಿನ ಬದಲು ಗಾಳಿ ತುಂಬಿಕೊಂಡು ಕಾರನ್ನು ಹೊರುವ, ರಬ್ಬರ್ ಚೀಲದ ಮಡಿಕೆಗಳ ಮೇಲೆ ಸಿಂಪಡಿಸಿದರು. ಒಂದು ಮಡಿಕೆಯ ಸಂದಿನಿಂದ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೊಂದು ಎದ್ದು ಒಡೆಯತೊಡಗಿದವು. "ಏಟು ಬಿದ್ದಿರೋದಲ್ಲ ಸಾರ್, ವಯಸ್ಸಾಗಿ ರಬ್ಬರ್ ಸೀಳು ಬಿಟ್ಟಿದೆ. ಸೋರಿದ ಗಾಳಿ ತುಂಬಿಸೋಕೆ ಕಂಪ್ರೆಸರ್ ಒಂದೇ ಸಮ ಓಡಿ ಅದೂ ಸುಡೋ ಸ್ಥಿತಿಗೆ ಬಂದಿದೆ" ಎಂದರು.

ಸವೆತದಿಂದ ಕೆಟ್ಟ ಭಾಗಕ್ಕೆ ವಿಮೆಯಲ್ಲಿ ಹಣ ಬರುವುದಿಲ್ಲ. ಕಂಡದ್ದನ್ನು ಕಂಡಂತೆ ಬರೆಯುವುದು ನನ್ನ ಕೆಲಸವಾದ್ದರಿಂದ ವರದಿಯಲ್ಲಿ ಹಾಗೆಯೇ ಬರೆದೆ. ಹಿಂದಿನ ಎರಡೂ ಚೀಲ, ಕಂಪ್ರೆಸರ್, ಚೀಲಗಳಿಗೆ ಗಾಳಿ ಹಂಚುವ ವಾಲ್ವ್ ಬ್ಲಾಕ್ ಮತ್ತು ಕೂಲಿ ಸೇರಿ ಅಧಿಕೃತ ಸರ್ವಿಸ್ ಕೇಂದ್ರ ಕೊಟ್ಟಿದ್ದ ಎಸ್ಟಿಮೇಟ್ ಮೂರೂವರೆ ಲಕ್ಷ ದಾಟಿತ್ತು. ಆ ಯುವಕರು ಹಾಳೆಯನ್ನು ಎರಡು ಸಲ ತಿರುವಿ ನೋಡಿ, "ಕಾರಿನ ರೇಟು ಕಾಲು ಭಾಗಕ್ಕೆ ಇಳಿದಿದೆಯಲ್ಲ ಸಾರ್, ಪಾರ್ಟ್ಸ್ ರೇಟು ಯಾಕೆ ಇಳಿದಿಲ್ಲ?" ಎಂದು ಕೇಳಿದರು. ಈ ಪತ್ರ ಬರೆಯಲು ಕಾರಣ ಆ ಪ್ರಶ್ನೆಯೇ. 60 ಲಕ್ಷದ ಕಾರು 15 ಲಕ್ಷಕ್ಕೆ ಸಿಕ್ಕಿದರೂ ಅದು ಬೇಡುವ ಬಿಡಿಭಾಗ 60 ಲಕ್ಷದ ಕಾರಿನದೇ ಎಂಬ ಮಾತನ್ನು ಮಾರುವವರೂ ಹೇಳುವುದಿಲ್ಲ, ಹೋಲಿಕೆಯ ಪಟ್ಟಿಗಳೂ ಹೇಳುವುದಿಲ್ಲ.

ಇಂಥ ಪಟ್ಟಿಗಳಲ್ಲಿ ಹೆಚ್ಚಾಗಿ ಓಡಾಡುವುದು ಅಮೆರಿಕದ ಅಂಕಿಗಳು. ಅಲ್ಲಿನ ಯುವರ್‌ಮೆಕ್ಯಾನಿಕ್ ಎಂಬ ಸಂಸ್ಥೆ 2016ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಹತ್ತು ವರ್ಷಗಳ ನಿರ್ವಹಣೆಗೆ ಬಿಎಂಡಬ್ಲ್ಯುಗೆ ಸುಮಾರು 17,800 ಡಾಲರ್, ಮರ್ಸಿಡಿಸ್-ಬೆಂಜ್‌ಗೆ 12,900 ಡಾಲರ್, ಟೊಯೊಟಾದ್ದೇ ಐಷಾರಾಮಿ ವಿಭಾಗವಾದ ಲೆಕ್ಸಸ್‌ಗೆ 7,000 ಡಾಲರ್ ಬೇಕು. ಸಾಮಾನ್ಯ ಟೊಯೊಟಾ ಕಾರಿಗೆ 5,500 ಡಾಲರ್ ಸಾಕು. ಈ ಅನುಕ್ರಮ ನಮ್ಮಲ್ಲಿಯೂ ಹೆಚ್ಚುಕಡಿಮೆ ಹೀಗೆಯೇ ಇರಬಹುದು. ಆದರೆ ಅಲ್ಲಿ ದುಬಾರಿಯಾದದ್ದು ಕೂಲಿ. ಬಿಡಿಭಾಗ ಬೇರೆ ಬೇರೆ ಅಂಗಡಿಗಳಲ್ಲಿ ಪೈಪೋಟಿಯ ಬೆಲೆಗೆ ಸಿಗುತ್ತದೆ. ನಮ್ಮಲ್ಲಿ ಕೂಲಿ ಅಗ್ಗ, ಬಿಡಿಭಾಗ ದುಬಾರಿ, ಅದೂ ಬಹುಮಟ್ಟಿಗೆ ಒಂದೇ ಬಾಗಿಲಿನಿಂದ ಬರಬೇಕು. ಹೀಗಾಗಿ ಕಾರಿನ ಮೂತಿಯ ಮೇಲಿರುವ ಲಾಂಛನಕ್ಕಿಂತ ಆ ಕಾರಿನೊಳಗೆ ಏನೇನಿದೆ ಎಂಬುದೇ ಇಲ್ಲಿ ಖರ್ಚನ್ನು ನಿರ್ಧರಿಸುತ್ತದೆ.

ಬಿಎಂಡಬ್ಲ್ಯುವನ್ನೇ ತೆಗೆದುಕೊಳ್ಳೋಣ. ಆ ಕಂಪನಿಯ ಬಹಳಷ್ಟು ಕಾರುಗಳು ರನ್‌ಫ್ಲಾಟ್ ಟೈರಿನ ಮೇಲೆ ಓಡುತ್ತವೆ. ಪಂಕ್ಚರ್ ಆದರೂ ಗಂಟೆಗೆ 80 ಕಿ.ಮೀ. ಮೀರದಂತೆ ಸುಮಾರು 80 ಕಿ.ಮೀ. ಓಡಿಸಬಹುದು ಎಂಬುದು ಅದರ ಅನುಕೂಲ. ಅದಕ್ಕಾಗಿ ಟೈರಿನ ಪಕ್ಕೆಯನ್ನು ಗಡುಸು ಮಾಡಿರುತ್ತಾರೆ. ನಮ್ಮ ರಸ್ತೆಯ ಗುಂಡಿಗಳಲ್ಲಿ ಆ ಗಡುಸು ಪಕ್ಕೆಯೇ ಉಬ್ಬಿಕೊಳ್ಳುತ್ತದೆ, ರಿಮ್ಮು ಸೊಟ್ಟಗಾಗುತ್ತದೆ. ಸಾಮಾನ್ಯ ಟೈರಿಗಿಂತ ಬೆಲೆಯೂ ಬಹಳ ಹೆಚ್ಚು. ಇನ್ನು 2007ರಲ್ಲಿ ಬಂದ ಇದೇ ಕಂಪನಿಯ ಎನ್47 ಡೀಸೆಲ್ ಎಂಜಿನ್ನಿನಲ್ಲಿ, ವಾಲ್ವುಗಳನ್ನು ಹೊತ್ತಿಗೆ ಸರಿಯಾಗಿ ತೆರೆದು ಮುಚ್ಚಿಸುವ ಟೈಮಿಂಗ್ ಚೈನನ್ನು ಹಿಂಬದಿಗೆ, ಅಂದರೆ ಗೇರ್‌ಬಾಕ್ಸಿನ ಕಡೆಗೆ ಇಡಲಾಗಿದೆ. ಹಳೆಯದಾದ ಮೇಲೆ ಆ ಚೈನ್ ಸಡಿಲವಾಗಿ ಕರಕರ ಸದ್ದು ಮಾಡುವುದು ಈ ಎಂಜಿನ್ನಿನ ಹೆಸರಾಂತ ದೋಷ. ಚೈನಿನ ಬೆಲೆ ಅಂಥದ್ದೇನಲ್ಲ, ಅಲ್ಲಿಗೆ ಕೈ ತಲುಪಿಸಲು ಗೇರ್‌ಬಾಕ್ಸನ್ನೋ ಎಂಜಿನ್ನನ್ನೋ ಇಳಿಸಬೇಕಲ್ಲ, ದೊಡ್ಡ ಖರ್ಚು ಅದು. ಈ ಎಂಜಿನ್ ಇರುವ ಹಳೆಯ 320ಡಿ, 520ಡಿ ಕಾರು ಕೊಳ್ಳಹೊರಟವರು ಮುಂಜಾನೆಯ ತಣ್ಣನೆಯ ಎಂಜಿನ್ನನ್ನು ಸ್ಟಾರ್ಟ್ ಮಾಡಿಸಿ ಕಿವಿಗೊಟ್ಟು ಕೇಳುವುದು ಒಳ್ಳೆಯದು.

ಬಿಎಂಡಬ್ಲ್ಯು, ಜಾಗ್ವಾರ್ ಲ್ಯಾಂಡ್ ರೋವರ್ ಮತ್ತು ದೊಡ್ಡ ಔಡಿಗಳಲ್ಲಿ ಹಲವಕ್ಕೆ ಝಡ್‌ಎಫ್ ಎಂಬ ಜರ್ಮನ್ ಕಂಪನಿಯ ಎಂಟು ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇದೆ. ಇದರ ಆಯಿಲನ್ನು ಕಾರು ಇರುವವರೆಗೂ ಬದಲಿಸಬೇಕಿಲ್ಲ ಎಂದು ಸರ್ವಿಸ್ ಕೌಂಟರುಗಳಲ್ಲಿ ಹೇಳುವುದನ್ನು ನಾನೇ ಕೇಳಿದ್ದೇನೆ. ಗೇರ್‌ಬಾಕ್ಸ್ ತಯಾರಿಸಿದ ಝಡ್‌ಎಫ್ ಮಾತ್ರ 80,000ದಿಂದ 1,20,000 ಕಿ.ಮೀ. ಒಳಗೆ, ಅಥವಾ ಎಂಟು ವರ್ಷಕ್ಕೆ, ಆಯಿಲ್ ಬದಲಿಸಲು ಸಲಹೆ ಕೊಡುತ್ತದೆ. ಮೊದಲ ಮಾಲೀಕನ ಕಾಲದಲ್ಲಿ ಈ ಖರ್ಚು ಬಾರದೇ ಇರುವುದರಿಂದ ನಿರ್ವಹಣಾ ವೆಚ್ಚದ ಪಟ್ಟಿಯಲ್ಲಿ ಆ ಕಾರು ಅಗ್ಗವಾಗಿ ಕಾಣುತ್ತದೆ. ಉಳಿಸಿದ ಆ ಹಣವನ್ನು, ಗೇರ್‌ಬಾಕ್ಸ್ ಕೆಟ್ಟಾಗ, ಎರಡನೆಯ ಮಾಲೀಕ ಹಲವು ಪಟ್ಟು ಸೇರಿಸಿ ತೆರುತ್ತಾನೆ.

ಔಡಿ ಕಾರುಗಳು ಫೋಕ್ಸ್‌ವ್ಯಾಗನ್ ಮತ್ತು ಸ್ಕೋಡಾ ಕಾರುಗಳೊಂದಿಗೆ ಎಂಜಿನ್, ಗೇರ್‌ಬಾಕ್ಸ್‌ಗಳನ್ನು ಹಂಚಿಕೊಳ್ಳುತ್ತವೆ. ಇದು ತಿಳಿದವರಿಗೆ ಉಳಿತಾಯದ ದಾರಿ, ಏಕೆಂದರೆ ಔಡಿ ಎ3ಯ ಎಷ್ಟೋ ಭಾಗಗಳು ಸ್ಕೋಡಾ ಆಕ್ಟೇವಿಯಾದ ಭಾಗಗಳೇ. ಹಾಗೆಯೇ ದೋಷವೂ ಹಂಚಿಹೋಗುತ್ತದೆ. ಈ ಬಳಗದ ಎರಡನೇ ಪೀಳಿಗೆಯ ಇಎ888 ಪೆಟ್ರೋಲ್ ಎಂಜಿನ್ ಪಿಸ್ಟನ್ ರಿಂಗಿನ ದೋಷದಿಂದ ಆಯಿಲ್ ಕುಡಿಯುತ್ತದೆ ಎಂಬ ದೂರು ಅನೇಕ ದೇಶಗಳಲ್ಲಿ ಕೇಳಿಬಂದಿತ್ತು. ಮರ್ಸಿಡಿಸ್-ಬೆಂಜ್‌ನಲ್ಲಿ ಸಾಮಾನ್ಯ ಸ್ಪ್ರಿಂಗಿನ ಸಿ-ಕ್ಲಾಸಿಗೂ ಏರ್ ಸಸ್ಪೆನ್ಷನ್ನಿನ ಎಸ್-ಕ್ಲಾಸಿಗೂ ಖರ್ಚಿನಲ್ಲಿ ಅಜಗಜಾಂತರವಿದೆ. ಆದ್ದರಿಂದ ಇಡೀ ಕಂಪನಿಗೆ ಒಂದು ಸರಾಸರಿ ಕೊಟ್ಟರೆ ಎರಡೂ ಬಗೆಯ ಕಾರಿನ ಮಾಲೀಕರಿಗೆ ಅದರಿಂದ ಉಪಯೋಗವಿಲ್ಲ. ನಮ್ಮ ಹೊಸಕೋಟೆಯ ಬಳಿ 2017ರಿಂದ ಕಾರು ಜೋಡಿಸುತ್ತಿರುವ ವೋಲ್ವೊ ತನ್ನ ಸಣ್ಣ, ದೊಡ್ಡ ಪೆಟ್ರೋಲ್ ಕಾರುಗಳಿಗೆಲ್ಲ ಎರಡು ಲೀಟರಿನ ಒಂದೇ ಎಂಜಿನ್ ಕುಟುಂಬವನ್ನು ಬಳಸುವುದು ಬಿಡಿಭಾಗಗಳ ದೃಷ್ಟಿಯಿಂದ ಮೆಚ್ಚತಕ್ಕ ಸಂಗತಿ.

ನನ್ನ ಅಭಿಪ್ರಾಯ ಕೇಳಿದರೆ, ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಲೆಕ್ಸಸ್ ಇಎಸ್ 300ಎಚ್ ಕಾರಿನ ರಚನೆ ಹೆಚ್ಚು ಹೊಂದುತ್ತದೆ. 2020ರಲ್ಲಿ ಬಿಡದಿಯಲ್ಲಿ ಜೋಡಣೆ ಶುರುವಾದ ಈ ಕಾರಿನಲ್ಲಿ ಟರ್ಬೊ ಇಲ್ಲ, ಕ್ಲಚ್ ಪ್ಲೇಟುಗಳಿಲ್ಲ, ಏರ್ ಸಸ್ಪೆನ್ಷನ್ನಿನ ರಬ್ಬರ್ ಚೀಲಗಳಿಲ್ಲ. ಪೆಟ್ರೋಲ್ ಎಂಜಿನ್, ಅದರ ಜೊತೆಗೆ ವಿದ್ಯುತ್ ಮೋಟರನ್ನೂ ಬಳಸುವ ಹೈಬ್ರಿಡ್ ವ್ಯವಸ್ಥೆ ಎರಡೂ ಟೊಯೊಟಾ ಕ್ಯಾಮ್ರಿಯ ಬಳಗದವು. ಇಲ್ಲದ ಭಾಗ ಕೆಡುವುದಿಲ್ಲ. ಹೈಬ್ರಿಡ್ ಬ್ಯಾಟರಿ ಮುಂದೊಂದು ದಿನ ದೊಡ್ಡ ಖರ್ಚು ತರಬಹುದು ಎಂಬುದನ್ನು ಮರೆಯಬಾರದು. ಹಿಂದಿನ ಸೀಟಿನ ಕೆಳಗೆ ಬ್ಯಾಟರಿ ತಂಪಾಗಿಸುವ ಗಾಳಿ ಹೋಗುವ ಜಾಲರಿಯಲ್ಲಿ ದೂಳು ಕಟ್ಟದಂತೆ ನೋಡಿಕೊಂಡರೆ ಆ ದಿನವನ್ನು ದೂರ ತಳ್ಳಬಹುದು. ಇಲ್ಲಿ ಜೋಡಿಸಿದ ಮಾತ್ರಕ್ಕೆ ಬಿಡಿಭಾಗ ಅಗ್ಗವಾಗುತ್ತದೆ ಎಂಬ ನಂಬಿಕೆಯೂ ಸರಿಯಲ್ಲ. ಮರ್ಸಿಡಿಸ್ ಚಾಕಣ್‌ನಲ್ಲಿ, ಬಿಎಂಡಬ್ಲ್ಯು ಚೆನ್ನೈ ಬಳಿ, ಔಡಿ ಛತ್ರಪತಿ ಸಂಭಾಜಿನಗರದಲ್ಲಿ ಜೋಡಣೆಯಾದರೂ ಒಳಗಿನ ಎಷ್ಟೋ ಭಾಗಗಳು ಹಡಗಿನಲ್ಲಿ ಬಂದವೇ.

ವಿಮೆಯ ವಿಷಯದಲ್ಲಿಯೂ ಓದುಗರಿಗೆ ಒಂದು ಮಾತು ತಿಳಿದಿರಬೇಕು. ಸಾಮಾನ್ಯ ಪಾಲಿಸಿಯಲ್ಲಿ ರಬ್ಬರ್, ಪ್ಲಾಸ್ಟಿಕ್ ಭಾಗಗಳು, ಟೈರು, ಬ್ಯಾಟರಿ, ಏರ್‌ಬ್ಯಾಗ್‌ಗಳಿಗೆ ಶೇ 50ರಷ್ಟು ಸವಕಳಿ ಕಳೆಯಲಾಗುತ್ತದೆ. ಐದು ವರ್ಷ ದಾಟಿ ಹತ್ತು ವರ್ಷ ಮೀರದ ಕಾರಿನ ಲೋಹದ ಭಾಗಗಳಿಗೆ ಶೇ 40. ಸೆನ್ಸರ್‌ಗಳನ್ನು ಹುದುಗಿಸಿದ ಬಂಪರಿನ ಬೆಲೆಯೇ ಲಕ್ಷದ ಆಸುಪಾಸು ಇರುವಾಗ, ಪಾರ್ಕಿಂಗ್‌ನಲ್ಲಿ ತಗುಲಿದ ಸಣ್ಣ ಗುದ್ದಿಗೂ ಮಾಲೀಕರು ಕೈಯಿಂದ ಐವತ್ತು ಸಾವಿರ ಹಾಕಬೇಕಾಗುತ್ತದೆ. ಜನ ಬಂಪರ್ ಟು ಬಂಪರ್ ಎಂದು ಕರೆಯುವ ಪಾಲಿಸಿ ಇದನ್ನು ತಪ್ಪಿಸುತ್ತದೆ, ಆದರೆ ಹಳೆಯ ಕಾರಿಗೆ ಅದು ಸಿಗುವುದೇ ಕಷ್ಟ. 2022ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಬೆಳ್ಳಂದೂರು, ಯಮಲೂರು ಕಡೆಯ ಬಡಾವಣೆಗಳಿಗೆ ನೀರು ನುಗ್ಗಿ ಕೋಟಿ ಬೆಲೆಯ ಕಾರುಗಳು ಮುಳುಗಿದ್ದು ಎಲ್ಲರಿಗೂ ನೆನಪಿದೆ. ನೀರು ಹೊಕ್ಕ ಎಂಜಿನ್ನನ್ನು ಗಾಬರಿಯಲ್ಲಿ ಸ್ಟಾರ್ಟ್ ಮಾಡಿದರೆ ಒಳಗಿನ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ರಕ್ಷಣೆಯ ಹೆಚ್ಚುವರಿ ಕವಚ ತೆಗೆದುಕೊಂಡಿರದಿದ್ದರೆ ಆ ನಷ್ಟಕ್ಕೆ ಸಾಮಾನ್ಯ ಪಾಲಿಸಿ ಒದಗುವುದಿಲ್ಲ. ನಿರ್ವಹಣಾ ವೆಚ್ಚ ಲೆಕ್ಕ ಹಾಕುವವರು ಈ ಕವಚದ ಪ್ರೀಮಿಯಂ ಅನ್ನೂ ಅದರೊಳಗೆ ಸೇರಿಸಬೇಕು.

ತುಮಕೂರಿನ ಯುವಕರ ವಿಷಯಕ್ಕೆ ಮರಳುತ್ತೇನೆ. ಆ ಗ್ಯಾರೇಜಿನವರು ಬೇರೆ ತಯಾರಕರ ರಬ್ಬರ್ ಚೀಲಗಳನ್ನೂ ಕಂಪ್ರೆಸರನ್ನೂ ತರಿಸಿ, ಎಲ್ಲ ಸೇರಿ ಒಂದೂವರೆ ಲಕ್ಷದೊಳಗೆ ಕೆಲಸ ಮುಗಿಸಿದರು. ಆದರೆ ಹೊಸ ಭಾಗ ಹಾಕಿದ ಮೇಲೆ ಕಾರಿನ ಎತ್ತರವನ್ನು ಕಂಪ್ಯೂಟರಿನಲ್ಲಿ ಹೊಂದಿಸಬೇಕಿತ್ತು. ಅವರ ಬಳಿಯಿದ್ದ ಸ್ಕ್ಯಾನರಿಗೆ ಅದು ಒಲಿಯಲಿಲ್ಲ. ಹೊರಗಿನಿಂದ ತಂದ ಭಾಗವಿರುವ ಕಾರನ್ನು ತಾವು ಮುಟ್ಟುವುದಿಲ್ಲವೆಂದು ಅಧಿಕೃತ ಕೇಂದ್ರ ಹೇಳಿತು. ಸ್ಕ್ಯಾನರ್ ಇದ್ದ ಇನ್ನೊಬ್ಬರು ಸಿಗುವ ತನಕ, ದುರಸ್ತಿಯಾದ ಕಾರು ಒಂಬತ್ತು ದಿನ ಲಿಫ್ಟಿನ ಪಕ್ಕದಲ್ಲಿ ನಿಂತೇ ಇತ್ತು. ಬೆಂಗಳೂರಿನಲ್ಲಿಯೇ ಹೀಗಾದರೆ, ಈ ಕಂಪನಿಗಳ ಸರ್ವಿಸ್ ಕೇಂದ್ರವೇ ಇಲ್ಲದ ಜಿಲ್ಲೆಗಳಲ್ಲಿ ಹಳೆಯ ಕಾರು ಕೊಂಡ ವೈದ್ಯರು, ವ್ಯಾಪಾರಿಗಳು, ಮದುವೆಗೆ ಕಾರು ಬಾಡಿಗೆ ಕೊಡುವವರು ಏನು ಮಾಡಬೇಕು? ಟೋಯಿಂಗ್ ಲಾರಿಯ ಬಾಡಿಗೆಯೇ ಒಂದು ಸರ್ವಿಸ್ಸಿನ ಖರ್ಚಿಗೆ ಸಮನಾಗುತ್ತದೆ.

ಭಾರತೀಯ ಸ್ಪರ್ಧಾ ಆಯೋಗ ಇದೇ ವಿಚಾರದಲ್ಲಿ 2014ರ ಆಗಸ್ಟ್ 25ರಂದು 14 ಕಾರು ತಯಾರಕರಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ವಿಧಿಸಿ, ಬಿಡಿಭಾಗಗಳೂ ದೋಷ ಪತ್ತೆ ಉಪಕರಣಗಳೂ ಹೊರಗಿನ ಗ್ಯಾರೇಜುಗಳಿಗೆ ಸಿಗುವಂತೆ ಮಾಡಬೇಕೆಂದು ಆದೇಶಿಸಿತ್ತು. ಐಷಾರಾಮಿ ಕಾರು ತಯಾರಕರೂ ಆ 14ರಲ್ಲಿದ್ದರು. ಆದೇಶ ಮೇಲ್ಮನವಿಗಳಿಗೆ ಸಿಲುಕಿತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿಗೆಂದು ಸಮಿತಿ ರಚಿಸಿ, ವಾಹನಗಳನ್ನೂ ಅದರ ವ್ಯಾಪ್ತಿಗೆ ಸೇರಿಸಿತು. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳಿಗೆಲ್ಲ ಶೇ 18ರ ಒಂದೇ ಜಿಎಸ್‌ಟಿ ಬಂದು, ಅದುವರೆಗೆ ಹೆಚ್ಚಿನ ಭಾಗಗಳ ಮೇಲಿದ್ದ ಶೇ 28 ಇಳಿಯಿತು. ಇವೆಲ್ಲ ಸ್ವಾಗತಾರ್ಹವೇ. ಆದರೂ ಒಂದು ಕಾರಿನ ಏರ್ ಸಸ್ಪೆನ್ಷನ್ ಚೀಲಕ್ಕೆ ಎಷ್ಟು, ಹೆಡ್‌ಲೈಟಿಗೆ ಎಷ್ಟು, ಗೇರ್‌ಬಾಕ್ಸಿನ ಕಂಟ್ರೋಲ್ ಘಟಕಕ್ಕೆ ಎಷ್ಟು ಎಂಬುದು ಆ ಭಾಗ ಕೆಟ್ಟು ಎಸ್ಟಿಮೇಟ್ ಕೈಗೆ ಬರುವ ತನಕ ಕೊಳ್ಳುವವನಿಗೆ ಗೊತ್ತಾಗುವುದಿಲ್ಲ. ಹೊಸ ಕಾರು ಮಾರುವ ದಿನವೇ ಇಂಥ ಭಾಗಗಳ ಬೆಲೆಪಟ್ಟಿಯನ್ನು ಪ್ರಕಟಿಸಿ, ಹತ್ತು ವರ್ಷ ಕಾಲ ವರ್ಷಕ್ಕೊಮ್ಮೆ ಪರಿಷ್ಕರಿಸುವುದನ್ನು ಸರ್ಕಾರ ಕಡ್ಡಾಯ ಮಾಡಬೇಕು.

ಸರ್ಕಾರ ಮಾಡುವ ತನಕ ಪತ್ರಿಕೆ ಕಾಯಬೇಕಿಲ್ಲ. ನಿಮ್ಮ ವಾಹನ ಪುಟದವರು ಮುಂದಿನ ಬಾರಿ ಹೋಲಿಕೆ ಮಾಡುವಾಗ ಸರ್ವಿಸ್ ಪ್ಯಾಕೇಜಿನ ದರದ ಜೊತೆಗೆ ಈ ಬೆಲೆಗಳನ್ನೂ ಕಂಪನಿಗಳಿಂದ ಕೇಳಿ ಪಡೆಯಬೇಕೆಂದು ವಿನಂತಿಸುತ್ತೇನೆ. ಎಂಟು–ಹತ್ತು ವರ್ಷದ ಕಾರುಗಳ ಎಸ್ಟಿಮೇಟುಗಳಲ್ಲಿ ನಾನು ಪದೇ ಪದೇ ಕಾಣುವ 18 ಬಿಡಿಭಾಗಗಳ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದು ಈ ಪತ್ರದ ಜೊತೆಗಿಟ್ಟಿದ್ದೇನೆ. ಅವುಗಳ ಮುಂದಿನ ಬೆಲೆಯ ಕಾಲಂ ಖಾಲಿ ಬಿಟ್ಟಿದ್ದೇನೆ.

ಇಂತಿ,
ನಿಮ್ಮ ಓದುಗ
ವಾಹನ ವಿಮಾ ಸರ್ವೇಯರ್, ಬಸವನಗುಡಿ, ಬೆಂಗಳೂರು