ಹಿಡಿಸದ ಕೈಗವಸು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಹಾರಾಡಿದ್ದು ಇನ್ನೂ ಕಿವಿಯಲ್ಲಿದೆ. "ಒ.ಜೆ. ಸಿಂಪ್ಸನ್ ಕೊಂದಿದ್ದು ಲೋಕಕ್ಕೆಲ್ಲ ಗೊತ್ತು, ಆ ಹನ್ನೆರಡು ಜನಕ್ಕೆ ಮಾತ್ರ ಗೊತ್ತಾಗಲಿಲ್ವಾ?" ಅಂದೆ. ಅಮೆರಿಕನ್ ಫುಟ್‌ಬಾಲಿನ ಕರಿಯ ತಾರೆ ಸಿಂಪ್ಸನ್ 1994ರಲ್ಲಿ ತನ್ನ ಮಾಜಿ ಹೆಂಡತಿ ನಿಕೋಲ್‌ಳನ್ನೂ ರಾನ್ ಗೋಲ್ಡ್‌ಮನ್ ಅನ್ನುವ ಹುಡುಗನನ್ನೂ ಕೊಂದ ಅನ್ನುವ ಕೇಸಿನಲ್ಲಿ ಜ್ಯೂರಿ, ಅಂದರೆ ತೀರ್ಪು ಹೇಳಲು ಕೂತ ಹನ್ನೆರಡು ಸಾಮಾನ್ಯ ಜನ, ಅವನನ್ನು ಬಿಟ್ಟುಬಿಟ್ಟರಲ್ಲ, ಆ ಸಿಟ್ಟು ನಿನ್ನದು. ನಾನು ಸುಮ್ನಿದ್ದೆ. ನಿನ್ನ ಜೊತೆ ಜಗಳಕ್ಕೆ ಬಾಯಿಗಿಂತ ಕಾಗದವೇ ವಾಸಿ.

ಕೊಂದವನು ಅವನೇ ಅಂತ ನನಗೂ ಅನ್ನಿಸುತ್ತದೆ. ಸ್ಥಳದಲ್ಲಿ ಸಿಕ್ಕ ರಕ್ತದ ಡಿಎನ್‌ಎ ಅವನದಕ್ಕೆ ಹೊಂದಿತ್ತು. ಆಗ ಹೆಂಡತಿಯಾಗಿದ್ದ ನಿಕೋಲ್‌ಗೆ ಹೊಡೆದ ಕೇಸಿನಲ್ಲಿ 1989ರಲ್ಲೇ ಶಿಕ್ಷೆಯಾಗಿತ್ತು. ಆದರೆ ಒಂದು ಸಲ ಜ್ಯೂರಿ ಕೂತ ಜಾಗದಲ್ಲಿ ಕೂತು ನೋಡು. 1995ರ ಜನವರಿಯಿಂದ ಅಕ್ಟೋಬರ್‌ವರೆಗೆ ಅವರು ಹೋಟೆಲಿನಲ್ಲಿ ಬಂದಿಗಳಿದ್ದ ಹಾಗೆ ಇದ್ದರು. ಪೇಪರ್ ಇಲ್ಲ, ಟೀವಿ ಸುದ್ದಿ ಇಲ್ಲ. ಸಿಂಪ್ಸನ್ ಕೂತಿದ್ದ ಬಿಳಿ ಬ್ರಾಂಕೊ ಕಾರನ್ನು ಪೊಲೀಸರು ಬೆನ್ನು ಹತ್ತಿದ್ದನ್ನು ಟೀವಿಯಲ್ಲಿ ಕೋಟ್ಯಂತರ ಜನ ನೋಡಿದರಲ್ಲ, ಅದನ್ನು ಸರ್ಕಾರಿ ವಕೀಲರು ಸಾಕ್ಷ್ಯವಾಗಿ ಮುಂದಿಡಲೇ ಇಲ್ಲ!

ಮುಂದಿಟ್ಟದ್ದು ಕೊಲೆಯಾದ ಜಾಗದಲ್ಲಿ ಸಿಕ್ಕ ಕೈಗವಸು. ಜೂನ್ 15ರಂದು ಕೋರ್ಟಿನಲ್ಲೇ ಹಾಕಿಕೊಂಡು ತೋರಿಸು ಅಂದರು. ಅವನ ಕೈಯಲ್ಲಿ ಆಗಲೇ ತೆಳ್ಳನೆಯ ರಬ್ಬರ್ ಗವಸು. ಅದರ ಮೇಲೆ ರಕ್ತ ಕುಡಿದು ಒಣಗಿದ ಚರ್ಮದ ಗವಸು. ಎಳೆದ, ತುರುಕಿದ, ಬೆರಳು ಪೂರ್ತಿ ಒಳಗೆ ಹೋಗಲಿಲ್ಲ. ಜ್ಯೂರಿಗೆ ಕಾಣುವಂತೆ ಕೈ ಎತ್ತಿ ಹಿಡಿದ. ಅವನ ವಕೀಲ ಕಾಕ್ರನ್‌ಗೆ ಇನ್ನೇನು ಬೇಕು? ಕೈಗೆ ಹಿಡಿಸದಿದ್ದರೆ ಬಿಡಿಸಲೇಬೇಕು ಅಂತ ಪ್ರಾಸ ಕಟ್ಟಿ ವಾದಿಸಿದ. ಅದರ ಜೋಡಿ ಗವಸು ಸಿಂಪ್ಸನ್ ಮನೆಯಲ್ಲಿ ಸಿಕ್ಕಿತು ಅಂದ ಪೊಲೀಸ್ ಫರ್ಮನ್, ಕರಿಯರನ್ನು ಹಳಿಯುವ ಆ ಪದ ಹತ್ತು ವರ್ಷದಿಂದ ಆಡಿಲ್ಲ ಅಂತ ಪ್ರಮಾಣ ಮಾಡಿ ಹೇಳಿದ್ದ. ಅವನ ಮಾತು ರೆಕಾರ್ಡ್ ಆಗಿದ್ದ ಟೇಪು ಹಾಕಿದಾಗ ಅವನ ಬಾಯಲ್ಲೇ ಆ ಪದ. ನೀನಾಗಿದ್ದರೆ ಆ ಬಾಯನ್ನು ನಂಬಿ ಒಬ್ಬನನ್ನು ಜೈಲಿಗೆ ಕಳಿಸುತ್ತಿದ್ದೆಯಾ?

ತೀರ್ಪು ಬಂದಾಗ ಕರಿಯರು ಕುಣಿದರು, ಬಿಳಿಯರು ಬಾಯಿಗೆ ಕೈ ಇಟ್ಟುಕೊಂಡರು. ನಿನಗೆ ಆ ಕುಣಿತವೇ ಜಾಸ್ತಿ ಸಿಟ್ಟು ತರಿಸಿದ್ದು, ಅಲ್ವಾ? ಆದರೆ ಅದೇ ಲಾಸ್ ಏಂಜಲೀಸ್‌ನಲ್ಲಿ ಪೊಲೀಸರು ರಾಡ್ನಿ ಕಿಂಗ್ ಅನ್ನುವ ಕರಿಯನಿಗೆ ದನಕ್ಕೆ ಬಡಿದ ಹಾಗೆ ಬಡಿದದ್ದು ವಿಡಿಯೊದಲ್ಲಿತ್ತು. ಆದರೂ 1992ರಲ್ಲಿ ಅವರನ್ನು ಜ್ಯೂರಿ ತಪ್ಪಿತಸ್ಥರು ಅನ್ನಲಿಲ್ಲ. ಊರೇ ಹೊತ್ತಿಕೊಂಡು ಉರಿಯಿತು. ಅದನ್ನು ನುಂಗಿಕೊಂಡವರು ಮೂರು ವರ್ಷದ ಮೇಲೆ ಕುಣಿದರು. ಸಿಂಪ್ಸನ್ ಅವರಿಗೆ ನೆಪ ಅಂತ ನನ್ನ ಲೆಕ್ಕ.

ಇಷ್ಟೆಲ್ಲ ವಾದ ಮಾಡುವ ನಾನು ಒಂದು ಕಡೆ ಮಾತ್ರ ಮುಗ್ಗರಿಸುತ್ತೇನೆ. ರಾನ್ ಗೋಲ್ಡ್‌ಮನ್, 25 ವರ್ಷದ ಹುಡುಗ. ನಿಕೋಲ್‌ಳ ತಾಯಿ ಅವನು ಕೆಲಸ ಮಾಡುತ್ತಿದ್ದ ಹೋಟೆಲಿನಲ್ಲಿ ಕನ್ನಡಕ ಮರೆತಿದ್ದರು. ಕೊಟ್ಟು ಬರೋಣ ಅಂತ ಲಕೋಟೆಯಲ್ಲಿ ಹಾಕಿಕೊಂಡು ನಿಕೋಲ್ ಮನೆಗೆ ಹೋದ. ಅಷ್ಟೇ ಅವನು ಮಾಡಿದ್ದು. 1997ರಲ್ಲಿ ಸಿವಿಲ್ ಕೋರ್ಟು ಈ ಸಾವುಗಳಿಗೆ ಸಿಂಪ್ಸನ್ನೇ ಹೊಣೆ ಅಂದಿತು, 3.35 ಕೋಟಿ ಡಾಲರ್ ಕೊಡು ಅಂದಿತು. ಕ್ರಿಮಿನಲ್ ಕೋರ್ಟಿನ ಹಾಗಲ್ಲ, ಅಲ್ಲಿ ಸಾಕ್ಷ್ಯದ ತಕ್ಕಡಿ ಒಂದು ಕಡೆ ತುಸು ವಾಲಿದರೂ ಸಾಕು. ಆದರೂ 2024ರಲ್ಲಿ ಸಾಯುವವರೆಗೂ ಅವನು ಆ ದುಡ್ಡಿನಲ್ಲಿ ಹೆಚ್ಚಿನ ಪಾಲು ಕೊಡಲೇ ಇಲ್ಲ.

ಆ ಕನ್ನಡಕ ನೆನಪಾದಾಗ ನೀನೇ ಸರಿ ಅನ್ನಿಸುತ್ತದೆ. ಗವಸು ನೆನಪಾದಾಗ ಮತ್ತೆ ನಾನು. ಬೈಯುವುದಿದ್ದರೆ ಬರೆದು ಬೈ, ಫೋನ್ ಬೇಡ.

ನಿನ್ನ
ಗೆಳೆಯ